ಮನೆಯ ಮಾತು, ಶಾಲೆಯ ಮಾತು: ನಮ್ಮ ನೆಲದ ಎರಡು ನುಡಿಗಳ ಇತಿಹಾಸ



ವಿದ್ಯಾಗಿರಿಯಲ್ಲಿ ಓದುತ್ತಿರುವ ನಮ್ಮ ಸಮಾಜದ ಒಬ್ಬ ವಿದ್ಯಾರ್ಥಿ ಒಂದು ದಿನದಲ್ಲಿ ಎಷ್ಟು ಬಗೆಯ ಮಾತುಗಳನ್ನು ಆಡುತ್ತಾನೆ ಎಂದು ಎಂದಾದರೂ ಎಣಿಸಿ ನೋಡಿದ್ದೀರಾ? ಬೆಳಿಗ್ಗೆ ತಾಯಿಗೆ 'ಅಮ್ಮಾ, ಮೇರೆಕು ಚಾ ನಕ್ಕೊ' ಎನ್ನುತ್ತಾನೆ. ಬಸ್ ನಿಲ್ದಾಣದಲ್ಲಿ ಗೆಳೆಯನನ್ನು 'ಎಲ್ಲಿಗಿ ಹೊಂಟಿಯೋ, ಲಗೂ ಬಾ' ಎಂದು ಕರೆಯುತ್ತಾನೆ. ತರಗತಿಯಲ್ಲಿ ಎದ್ದು ನಿಂತು 'ನಾನು ನಿನ್ನೆ ಬಂದಿರಲಿಲ್ಲ ಸರ್' ಎನ್ನುತ್ತಾನೆ. ಉರ್ದು ಪುಸ್ತಕ ಕೈಗೆತ್ತಿಕೊಂಡರೆ ಅಲ್ಲಿ 'ಮುಝೆ ಚಾಯ್ ನಹೀಂ ಚಾಹಿಯೆ' ಎಂದಿರುತ್ತದೆ. ಇವುಗಳ ಮೇಲೆ ಇಂಗ್ಲಿಷ್ ಬೇರೆ. ಹೀಗೆ ಐದು ಬಗೆಯ ಮಾತುಗಳನ್ನು ಸಂಭಾಳಿಸುವ ಈ ಹುಡುಗ ನಿಜವಾಗಿ ಶ್ರೀಮಂತ. ಆದರೆ ಆತನಿಗೆ ಹಾಗೆ ಅನಿಸುವುದಿಲ್ಲ. ಏಕೆಂದರೆ ಇವುಗಳಲ್ಲಿ ಅವನು ಹೆತ್ತವರಿಂದ ಮತ್ತು ಓಣಿಯಿಂದ ಕಲಿತ ಮೊದಲ ಎರಡು ಮಾತುಗಳು 'ಅಶುದ್ಧ' ಎಂದು ಅವನಿಗೆ ಚಿಕ್ಕಂದಿನಿಂದಲೇ ತಿಳಿಸಲಾಗಿದೆ. ಬಾಗಲಕೋಟೆಯ ಕನ್ನಡ 'ಒರಟು', ಮನೆಯ ದಖನಿ 'ಕೆಟ್ಟ ಉರ್ದು' ಎಂಬ ಎರಡು ತೀರ್ಪುಗಳನ್ನು ಹೊತ್ತುಕೊಂಡೇ ಅವನು ಭಾಷಣ ಸ್ಪರ್ಧೆಗೆ, ಸಂದರ್ಶನಕ್ಕೆ, ದೊಡ್ಡ ಊರಿಗೆ ಹೋಗುತ್ತಾನೆ.

ಈ ತೀರ್ಪುಗಳು ಎಲ್ಲಿಂದ ಬಂದವು? ಅವುಗಳಿಗೆ ಆಧಾರವಿದೆಯೇ? ಇದಕ್ಕೆ ಉತ್ತರ ವ್ಯಾಕರಣ ಪುಸ್ತಕದಲ್ಲಿ ಸಿಗುವುದಕ್ಕಿಂತ ಹೆಚ್ಚಾಗಿ ಇತಿಹಾಸದಲ್ಲಿ ಸಿಗುತ್ತದೆ. ಬನ್ನಿ, ನಮ್ಮ ಜಿಲ್ಲೆಯಿಂದಲೇ ಆರಂಭಿಸೋಣ.

ತಿರುಳ್ಗನ್ನಡದ ನಾಡು

ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥ 'ಕವಿರಾಜಮಾರ್ಗ'. ರಾಷ್ಟ್ರಕೂಟ ದೊರೆ ನೃಪತುಂಗ ಅಮೋಘವರ್ಷನ ಆಸ್ಥಾನದಲ್ಲಿ ಶ್ರೀವಿಜಯನು ಕ್ರಿ.ಶ. 850ರ ಸುಮಾರಿಗೆ ರಚಿಸಿದ ಈ ಗ್ರಂಥವು ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆ ಎಂದು ಹೇಳುತ್ತದೆ. ಇದು ನಮಗೆಲ್ಲ ಗೊತ್ತಿರುವ ಮಾತು. ಅದೇ ಗ್ರಂಥ ಇನ್ನೊಂದು ಮಾತನ್ನೂ ಹೇಳುತ್ತದೆ. ಈ ವಿಶಾಲ ನಾಡಿನೊಳಗೆ ಕನ್ನಡದ ತಿರುಳು ಇರುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಿನ ಪ್ರದೇಶದಲ್ಲಿ ಎಂಬುದೇ ಆ ಮಾತು. ಕೊಪಣವೆಂದರೆ ಇಂದಿನ ಕೊಪ್ಪಳ, ಪುಲಿಗೆರೆಯೆಂದರೆ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಒಂಕುಂದವನ್ನು ವಿದ್ವಾಂಸರು ಬೆಳಗಾವಿ ಜಿಲ್ಲೆಯ ವಕ್ಕುಂದವೆಂದು ಗುರುತಿಸುತ್ತಾರೆ. ಇನ್ನು ಕಿಸುವೊಳಲು ನಮ್ಮ ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲು. ಅಂದರೆ ಸುಮಾರು 1,150 ವರ್ಷಗಳ ಹಿಂದೆ 'ಒಳ್ಳೆಯ ಕನ್ನಡ ಎಲ್ಲಿದೆ?' ಎಂದು ಯಾರಾದರೂ ಕೇಳಿದ್ದರೆ ಪಂಡಿತರು ನಮ್ಮ ಸೀಮೆಯತ್ತಲೇ ಬೊಟ್ಟು ಮಾಡುತ್ತಿದ್ದರು. ಆದಿಕವಿ ಪಂಪನೂ ತನ್ನ ಕಾವ್ಯ ಪುಲಿಗೆರೆಯ ತಿರುಳ್ಗನ್ನಡದಲ್ಲಿದೆ ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ.

ಅಲ್ಲದೆ ಕನ್ನಡದ ಪ್ರಾದೇಶಿಕ ರೂಪಗಳು ಎಷ್ಟೊಂದು ಬೇರೆಬೇರೆಯಾಗಿವೆ ಎಂದರೆ ಸಾವಿರ ನಾಲಗೆಯ ವಾಸುಕಿಗೂ ಅವನ್ನು ಅರಿಯುವುದು ಕಷ್ಟ ಎಂಬ ಅರ್ಥದ ಮಾತನ್ನೂ ಕವಿರಾಜಮಾರ್ಗಕಾರ ಆಡಿದ್ದಾನೆ. ಕನ್ನಡವು ಒಂದೇ ಅಚ್ಚಿನ ಭಾಷೆಯಾಗಿ ಎಂದೂ ಇರಲಿಲ್ಲವೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ.

ಬಾದಾಮಿಯ ತಟ್ಟುಕೋಟೆಯ ಬಂಡೆಯ ಮೇಲಿರುವ, ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿಗಳಿವೆ. ತ್ರಿಪದಿಯೆಂದರೆ ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತ ಬಂದ ಮಟ್ಟು. ಜನರ ಬಾಯಲ್ಲಿದ್ದುದು ಅಂದು ಕಲ್ಲಿನ ಮೇಲೆ ಕೆತ್ತಲು ಯೋಗ್ಯವೆನಿಸಿತ್ತು. 12ನೆಯ ಶತಮಾನದಲ್ಲಿ ಬಸವಣ್ಣನವರ ಅಂಕಿತಕ್ಕೆ ಹೆಸರು ಕೊಟ್ಟ ಕೂಡಲಸಂಗಮವೂ ನಮ್ಮ ಹುನಗುಂದ ಸೀಮೆಯದೇ. ಶರಣರು ಪಂಡಿತರ ಶೈಲಿಯನ್ನು ಬಿಟ್ಟು ಜನರ ಆಡುಮಾತಿಗೆ ಹತ್ತಿರವಾದ ಕನ್ನಡದಲ್ಲಿ ಅತ್ಯಂತ ಗಹನವಾದ ವಿಚಾರಗಳನ್ನು ನುಡಿದರು.

ತಿರುಳು ಅಂಚಾದದ್ದು ಹೇಗೆ?

ಹಾಗಾದರೆ ಒಂದು ಕಾಲಕ್ಕೆ ತಿರುಳಾಗಿದ್ದ ನಾಡಿನ ಮಾತು ಮುಂದೆ 'ಒರಟು' ಎನಿಸಿಕೊಂಡದ್ದು ಹೇಗೆ? ಉತ್ತರ ಸರಳವಾಗಿದೆ. ಭಾಷೆಯ ಗೌರವ ಅಧಿಕಾರದ ಕೇಂದ್ರದ ಜೊತೆಗೆ ಸಾಗುತ್ತದೆ. ಚಾಲುಕ್ಯ, ರಾಷ್ಟ್ರಕೂಟರ ಕಾಲದಲ್ಲಿ ಆ ಕೇಂದ್ರ ಇಲ್ಲಿತ್ತು. ಆಧುನಿಕ ಕಾಲದಲ್ಲಿ ಅದು ಬೇರೆಡೆಗೆ ಹೋಯಿತು.

1818ರಲ್ಲಿ ಪೇಶ್ವೆಯರ ಆಳ್ವಿಕೆ ಕೊನೆಗೊಂಡು ನಮ್ಮ ಭಾಗ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿತು. ಕಚೇರಿಯಲ್ಲಿ ಮತ್ತು ಶಾಲೆಯಲ್ಲಿ ಮರಾಠಿಯ ಪ್ರಾಬಲ್ಯವಿತ್ತು. ಕನ್ನಡದ ಮಕ್ಕಳು ಮರಾಠಿಯಲ್ಲಿ ಅಕ್ಷರ ಕಲಿಯಬೇಕಾದ ಪರಿಸ್ಥಿತಿ. 1860ರ ದಶಕದಲ್ಲಿ ಶಿಕ್ಷಣ ಇಲಾಖೆಯಲ್ಲಿದ್ದ ಡೆಪ್ಯುಟಿ ಚನ್ನಬಸಪ್ಪನವರಂಥವರು ಶ್ರಮಿಸಿ ಕನ್ನಡ ಶಾಲೆಗಳನ್ನು ತೆರೆಯಿಸದೇ ಇದ್ದಿದ್ದರೆ ಈ ಭಾಗದಲ್ಲಿ ಕನ್ನಡದ ಗತಿ ಏನಾಗುತ್ತಿತ್ತೋ ಊಹಿಸಿ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ 1906ರಲ್ಲಿ ಸ್ಥಾಪನೆಯಾಯಿತು. ಇಂದಿನ ವಿದ್ಯಾಗಿರಿ ಬೆಳೆದದ್ದು ಅಂಥ ಪ್ರಯತ್ನಗಳ ಫಲವಾಗಿಯೇ.

ಅದೇ ಹೊತ್ತಿಗೆ ಕನ್ನಡದ ಮುದ್ರಣ ಬೇರೆಡೆ ಬಲವಾಗಿ ಬೆಳೆಯುತ್ತಿತ್ತು. ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಮಂಗಳೂರಿನಿಂದ ಹೊರಟಿತು. ಕಿಟ್ಟೆಲರ ಪ್ರಸಿದ್ಧ ನಿಘಂಟು 1894ರಲ್ಲಿ ಅಲ್ಲಿಯೇ ಅಚ್ಚಾಯಿತು. ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಬೆಂಗಳೂರಿನಲ್ಲಿ, ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಆರಂಭವಾದವು. ಒಂದು ಸ್ವದೇಶಿ ಸಂಸ್ಥಾನದ ರಾಜಾಶ್ರಯ, ಮುದ್ರಣಾಲಯ, ವಿಶ್ವವಿದ್ಯಾನಿಲಯ, ಪಠ್ಯಪುಸ್ತಕ ಎಲ್ಲವೂ ಕನ್ನಡಕ್ಕೆ ಮೈಸೂರು ಸೀಮೆಯಲ್ಲಿ ಒಟ್ಟಿಗೆ ದೊರೆತವು. ನಮ್ಮ ಭಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಬರಲು 1949ರವರೆಗೆ ಕಾಯಬೇಕಾಯಿತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ರಾಜಧಾನಿ ಬೆಂಗಳೂರಾಯಿತು. ಬರವಣಿಗೆಯ ಕನ್ನಡ, ಆಕಾಶವಾಣಿಯ ಕನ್ನಡ, ಸಿನಿಮಾದ ಕನ್ನಡ ಎಲ್ಲವೂ ದಕ್ಷಿಣದ ಉಚ್ಚಾರಕ್ಕೆ ಹತ್ತಿರವಾಗಿ ರೂಪುಗೊಂಡವು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಆದರೆ 'ಮನೆ' ಶುದ್ಧ, 'ಮನಿ' ಅಶುದ್ಧ ಎಂಬ ಭಾವನೆ ಮಾತ್ರ ಹೀಗೆ ಗಟ್ಟಿಯಾಯಿತು.

ಕೆಲವು ಶಬ್ದಗಳನ್ನು ಪರೀಕ್ಷಿಸಿ ನೋಡಿ. ನಾವು 'ಉಳ್ಳಾಗಡ್ಡಿ' ಎಂದರೆ ದಕ್ಷಿಣದವರು ನಗುತ್ತಾರೆ. ಅವರ 'ಈರುಳ್ಳಿ'ಯಲ್ಲಿಯೂ ನಮ್ಮ 'ಉಳ್ಳಾಗಡ್ಡಿ'ಯಲ್ಲಿಯೂ ಇರುವುದು ಅದೇ 'ಉಳ್ಳಿ'. ನಮ್ಮ 'ಕಾಯಿಪಲ್ಲೆ'ಯನ್ನು ತಿದ್ದಿ 'ತರಕಾರಿ' ಎಂದು ಬರೆಸುತ್ತಾರೆ. ತರಕಾರಿಯೆಂಬುದು ಪಾರಸಿ ಮೂಲದ ಪದ! ಬೇಡವೆನ್ನಲು ನಾವು ದಿನನಿತ್ಯ ಬಳಸುವ 'ಒಲ್ಲೆ' ಹಳಗನ್ನಡ ಕಾವ್ಯಗಳಲ್ಲಿ ಇರುವ ಪದ. ಹಳ್ಳಿಯ ಮಗುವಿಗೆ 'ರಂಟಿ', 'ಕುಂಟಿ', 'ಕೂರಿಗಿ', 'ಎರಿ ಹೊಲ', 'ಮಸಾರಿ' ಗೊತ್ತು. ಪಠ್ಯದಲ್ಲಿ ಬರುವ 'ನೇಗಿಲು' ಅದಕ್ಕೆ ಹೊಸದು. ಮಗುವಿಗೆ ಒಕ್ಕಲುತನ ತಿಳಿದಿಲ್ಲವೆಂದು ಇದರಿಂದ ತೀರ್ಮಾನಿಸಿದರೆ ಅದು ನಮ್ಮ ಅಜ್ಞಾನವಾದೀತು.

ದಖನಿಯ ವೈಭವದ ದಿನಗಳು

ಈಗ ನಮ್ಮ ಮನೆಯೊಳಗಿನ ಮಾತಿಗೆ ಬರೋಣ. ದಖನಿಯೆಂದರೆ ಉರ್ದು ಸರಿಯಾಗಿ ಬಾರದವರು ಆಡುವ ಮಾತು ಎಂದು ನಮ್ಮಲ್ಲಿಯೇ ಅನೇಕರು ನಂಬಿದ್ದಾರೆ. ಇತಿಹಾಸ ಹೇಳುವುದು ಇದಕ್ಕೆ ತೀರಾ ವಿರುದ್ಧವಾದ ಸಂಗತಿ.

14ನೆಯ ಶತಮಾನದಲ್ಲಿ ಉತ್ತರದಿಂದ ಸೈನಿಕರು, ವರ್ತಕರು, ಸೂಫಿಗಳು ದಖನ್ನಿಗೆ ಬಂದರು. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಯಿತು. ಅವರು ತಂದ ದೆಹಲಿ ಸುತ್ತಲಿನ ಆಡುಮಾತು ಇಲ್ಲಿಯ ಮರಾಠಿ, ಕನ್ನಡ, ತೆಲುಗುಗಳ ನಡುವೆ ಬೇರೂರಿ ದಖನಿಯಾಯಿತು. ಉತ್ತರದಲ್ಲಿ ಪಂಡಿತರು ಪಾರಸಿಯಲ್ಲಿಯೇ ಬರೆಯುತ್ತಿದ್ದ ಕಾಲದಲ್ಲಿ ಇಲ್ಲಿ ಆಡುಮಾತು ಕಾವ್ಯದ ಭಾಷೆಯಾಯಿತು. 15ನೆಯ ಶತಮಾನದಲ್ಲಿ ಬಹಮನಿ ರಾಜ್ಯದಲ್ಲಿ ನಿಜಾಮಿ ಬರೆದ 'ಕದಮರಾವ್ ಪದಮರಾವ್' ದಖನಿಯ ಮೊದಲ ದೊಡ್ಡ ಕಾವ್ಯವೆಂದು ಪ್ರಸಿದ್ಧವಾಗಿದೆ.

ಬಿಜಾಪುರದ ಆದಿಲಶಾಹಿಗಳ ಕಾಲದಲ್ಲಿ (1490–1686) ಈ ಬೆಳೆ ಇನ್ನೂ ಹುಲುಸಾಯಿತು. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹ ಸ್ವತಃ ಸಂಗೀತಗಾರ. ಆತ ದಖನಿಯಲ್ಲಿ ರಚಿಸಿದ 'ಕಿತಾಬ್-ಎ-ನೌರಸ್' ರಾಗಗಳಿಗೆ ಅಳವಡಿಸಿದ ಗೀತೆಗಳ ಸಂಗ್ರಹ. ಅದರಲ್ಲಿ ಸರಸ್ವತಿ, ಗಣಪತಿಯರ ಸ್ತುತಿಯೂ ಇದೆ, ಕಲಬುರ್ಗಿಯ ಖ್ವಾಜಾ ಬಂದೇ ನವಾಜರ ಸ್ಮರಣೆಯೂ ಇದೆ. ಮುಂದೆ ಎರಡನೆಯ ಅಲಿ ಆದಿಲಶಾಹನ ಆಸ್ಥಾನದಲ್ಲಿ ನುಸ್ರತಿ 'ಗುಲ್ಶನ್-ಎ-ಇಶ್ಕ್', 'ಅಲಿನಾಮಾ'ಗಳನ್ನು ಬರೆದ. ಗೋಲಕೊಂಡದಲ್ಲಿ ದೊರೆ ಮುಹಮ್ಮದ್ ಕುಲಿ ಕುತುಬ್‌ಶಾಹ ತಾನೇ ದಖನಿಯ ದೊಡ್ಡ ಕವಿ. ಅಲ್ಲಿಯೇ ಮುಲ್ಲಾ ವಜ್ಹೀ 1635ರಲ್ಲಿ ಬರೆದ 'ಸಬ್‌ರಸ್' ಗದ್ಯದ ಮೇರುಕೃತಿ.

ಸೂಫಿಗಳ ಕೊಡುಗೆ ಇದಕ್ಕಿಂತ ಆಳವಾದದ್ದು. ಬಿಜಾಪುರದ ಶಾಹ ಮೀರಾಂಜಿ, ಅವರ ಮಗ ಬುರ್ಹಾನುದ್ದೀನ್ ಜಾನಂ ಮೊದಲಾದವರು ಜನಸಾಮಾನ್ಯರಿಗೆ ತಿಳಿಯಲೆಂದೇ ಈ ಮಾತಿನಲ್ಲಿ ಬರೆದರು. ಬೀಸುವಾಗ ಹಾಡುವ 'ಚಕ್ಕಿನಾಮಾ', ನೂಲುವಾಗ ಹಾಡುವ 'ಚರಖಾನಾಮಾ'ಗಳು ಈ ಪರಂಪರೆಯಲ್ಲಿ ಹುಟ್ಟಿದವು. ಸೂಫಿಗಳ ವಿಚಾರ ಮನೆಮನೆಗೆ ಮುಟ್ಟಿದ್ದು ಹೆಣ್ಣುಮಕ್ಕಳ ದನಿಯಲ್ಲಿ ಎಂದು ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟವಾದ ಬಿಜಾಪುರದ ಸೂಫಿಗಳನ್ನು ಕುರಿತ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದಾರೆ. ಒಂದು ಕಡೆ ಬೀಸುಕಲ್ಲಿನ ಕನ್ನಡ ತ್ರಿಪದಿ, ಇನ್ನೊಂದು ಕಡೆ ಬೀಸುಕಲ್ಲಿನ ದಖನಿ ಚಕ್ಕಿನಾಮಾ. ಒಂದೇ ಸೀಮೆಯ ಎರಡು ಮನೆಗಳಿಂದ ಕೇಳಿಬಂದ ಹಾಡುಗಳಿವು.

ದೆಹಲಿಯ ಅಳತೆಗೋಲು

1686ರಲ್ಲಿ ಬಿಜಾಪುರವೂ 1687ರಲ್ಲಿ ಗೋಲಕೊಂಡವೂ ಔರಂಗಜೇಬನ ವಶವಾದವು. ದಖನಿಗೆ ಆಸರೆಯಾಗಿದ್ದ ಆಸ್ಥಾನಗಳು ಇಲ್ಲವಾದವು. ಆದರೂ ಕೊನೆಯ ದೊಡ್ಡ ಕೊಡುಗೆ ಇನ್ನೂ ಬಾಕಿ ಇತ್ತು. ದಖನ್ನಿನ ಕವಿ ವಲಿಯ ದಿವಾನ್ 1720ರ ಸುಮಾರಿಗೆ ದೆಹಲಿಯನ್ನು ತಲುಪಿತು. ಪಾರಸಿಯಲ್ಲಿ ಬರೆಯುವುದೇ ಘನತೆ ಎಂದುಕೊಂಡಿದ್ದ ಅಲ್ಲಿಯ ಕವಿಗಳಿಗೆ ಆಡುಮಾತಿನಲ್ಲಿಯೂ ಶ್ರೇಷ್ಠ ಗಜಲ್ ಸಾಧ್ಯವೆಂದು ಅದು ತೋರಿಸಿತು. ಆಮೇಲೆ ಅದೇ ದೆಹಲಿಯಲ್ಲಿ ಭಾಷೆಯನ್ನು 'ತಿದ್ದುವ' ಕೆಲಸ ಆರಂಭವಾಯಿತು. ಹಳೆಯ ದಖನಿ ಹಾಗೂ ಹಿಂದವಿ ಶಬ್ದಗಳನ್ನು ಬಿಟ್ಟು ಪಾರಸಿ ಶೈಲಿಗೆ ಒತ್ತು ಕೊಡಲಾಯಿತು. ದಾರಿ ತೋರಿಸಿದ ದಖನಿಯೇ ಕೊನೆಗೆ 'ಕೆಟ್ಟ ಉರ್ದು' ಎನಿಸಿಕೊಂಡಿತು! 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉರ್ದು ಮಾಧ್ಯಮದಲ್ಲಿ ಆರಂಭವಾದಾಗಲೂ ಅಲ್ಲಿಯ ಉರ್ದು ಶಿಷ್ಟ ಉರ್ದುವಾಗಿತ್ತೇ ಹೊರತು ಓಣಿಯ ದಖನಿಯಾಗಿರಲಿಲ್ಲ. ಅದೃಷ್ಟವಶಾತ್ ಡಾ. ಮುಹಿಯುದ್ದೀನ್ ಖಾದ್ರಿ ಜೋರ್ ಅವರಂಥ ವಿದ್ವಾಂಸರು ಹಸ್ತಪ್ರತಿಗಳನ್ನು ಹುಡುಕಿ ದಖನಿ ಸಾಹಿತ್ಯವನ್ನು ಬೆಳಕಿಗೆ ತಂದರು.

ನಮ್ಮ ಮನೆಯ 'ಬಾತಾಂ', 'ಲೋಗಾಂ' ಎಂಬ ಬಹುವಚನ, 'ನಕ್ಕೊ', 'ಐಸಾಚ್' ಮುಂತಾದ ರೂಪಗಳನ್ನು ಕೇಳಿ ಉತ್ತರದವರು ಮುಗುಳ್ನಗುತ್ತಾರೆ. ಬಹುವಚನದ ಆ 'ಆಂ', ಆ 'ನಕೋ' ಕುತುಬ್‌ಶಾಹಿ ಮತ್ತು ಆದಿಲಶಾಹಿ ಕಾಲದ ಸಾಹಿತ್ಯದಲ್ಲಿ ಇವೆ. ನಿಮ್ಮ ಅಜ್ಜಿ ವ್ಯಾಕರಣ ತಪ್ಪುತ್ತಿಲ್ಲ. ದೊರೆಗಳು ಕಾವ್ಯ ಬರೆದ ಭಾಷೆಯನ್ನು ಅವರು ಇಂದಿಗೂ ಉಳಿಸಿಕೊಂಡು ಬಂದಿದ್ದಾರೆ.

ಎರಡು ನುಡಿಗಳ ನೆರೆತನ

ಇನ್ನೊಂದು ಸ್ವಾರಸ್ಯವನ್ನು ಗಮನಿಸಿ. ಬಾಗಲಕೋಟೆಯವರು 'ಬ್ಯಾಡ ಅಂತ ಹೇಳಿದ' ಎನ್ನುತ್ತಾರೆ. ದಖನಿಯಲ್ಲಿ ಅದೇ ಮಾತು 'ನಕ್ಕೊ ಬೋಲ್ಕೆ ಬೋಲ್ಯಾ' ಎಂದಾಗುತ್ತದೆ. ಕನ್ನಡದ 'ಅಂತ' ಇದ್ದ ಜಾಗದಲ್ಲಿ ದಖನಿಯ 'ಬೋಲ್ಕೆ' ಕುಳಿತಿದೆ. ಶಿಷ್ಟ ಉರ್ದುವಿನಲ್ಲಿ ಈ ಕಟ್ಟಡ ಹೀಗಿಲ್ಲ. ಇದು ದ್ರಾವಿಡ ಭಾಷೆಗಳ ನೆರೆತನದಿಂದ ದಖನಿಗೆ ಬಂದ ರೀತಿ. ಅಂದರೆ ದಖನಿಯ ಶಬ್ದಗಳು ಉತ್ತರದವಾದರೂ ವಾಕ್ಯದ ನಡಿಗೆಯಲ್ಲಿ ಈ ನೆಲದ ಗುಣವಿದೆ. ಅದೇ ರೀತಿ ಕನ್ನಡಕ್ಕೆ ಅರ್ಜಿ, ವಕೀಲ, ತಕರಾರು, ಜಮೀನು, ಖರೀದಿ, ಹಾಜರಿ, ರಾಜಿ, ಜಪ್ತಿಗಳು ಅರಬ್ಬಿ, ಪಾರಸಿಗಳಿಂದ ಬಂದು ಸೇರಿದವು. ಇವನ್ನು ಈಗ ಯಾರೂ ಪರಕೀಯವೆಂದು ಎಣಿಸುವುದಿಲ್ಲ.

ಈ ನೆರೆತನ ಶಬ್ದಗಳಿಗಷ್ಟೇ ನಿಲ್ಲಲಿಲ್ಲ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫ ಸಾಹೇಬರು (1819–1889) ಅಪ್ಪಟ ಹಳ್ಳಿಗನ್ನಡದಲ್ಲಿ ತತ್ತ್ವಪದಗಳನ್ನು ಹಾಡಿದರು. ಮೊಹರಂ ಸಮಯದಲ್ಲಿ ನಮ್ಮ ಹಳ್ಳಿಗಳಲ್ಲಿ ಕರ್ಬಲಾದ ಕಥೆಯನ್ನು ಹಿಂದೂ ಮುಸ್ಲಿಮರಿಬ್ಬರೂ ಕನ್ನಡದ ರಿವಾಯತ ಪದಗಳಲ್ಲಿ ಹಾಡುತ್ತ ಬಂದಿದ್ದಾರೆ. ಶಿಷ್ಟ ಭಾಷೆಯನ್ನು ಕಾಯ್ದು ಕುಳಿತಿದ್ದರೆ ಇವು ಹುಟ್ಟುತ್ತಲೇ ಇರಲಿಲ್ಲ.

ನಗೆಯ ಪಾತ್ರಕ್ಕೆ ಸೀಮಿತವಾದ ನುಡಿಗಳು

ಆಧುನಿಕ ಕಾಲದಲ್ಲಿ ಈ ಎರಡೂ ಮಾತುಗಳಿಗೆ ಒಂದೇ ಗತಿ ಬಂದಿತು. ಸಿನಿಮಾದಲ್ಲಿ ನಾಯಕ ಶಿಷ್ಟ ಭಾಷೆ ಆಡುತ್ತಾನೆ. ಉತ್ತರ ಕರ್ನಾಟಕದ ಮಾತು ಬಹುತೇಕ ಸೇವಕನಿಗೆ ಅಥವಾ ನಗಿಸುವವನಿಗೆ ಮೀಸಲು. ಹಿಂದಿ ಚಿತ್ರಗಳಲ್ಲಿ ದಖನಿಯ ಗತಿಯೂ ಇದೇ. ಮುಷಾಯಿರಾಗಳಲ್ಲಿಯೂ ದಖನಿ ಹಾಸ್ಯ ಕವಿತೆಯ ವಿಭಾಗಕ್ಕೆ ಸೇರಿತು. ಆದರೆ ಕಲಬುರ್ಗಿಯ ಸುಲೈಮಾನ್ ಖತೀಬರು (1922–1978) ಅದೇ ಹಾಸ್ಯದೊಳಗೆ ಬಡವರ ಮನೆಯ ನೋವನ್ನು ಇಟ್ಟು, ನಗುತ್ತಿದ್ದ ಸಭೆ ಮೌನವಾಗುವಂತೆ ಮಾಡಬಲ್ಲವರಾಗಿದ್ದರು.

ಕನ್ನಡದಲ್ಲಿ ಈ ತಾತ್ಸಾರಕ್ಕೆ ಉತ್ತರ ಕೊಟ್ಟವರಲ್ಲಿ ದ.ರಾ. ಬೇಂದ್ರೆಯವರು ಅಗ್ರಗಣ್ಯರು. ಧಾರವಾಡದ ಆಡುಮಾತಿನಲ್ಲಿ ಅತ್ಯುನ್ನತ ಕಾವ್ಯ ಬರೆದ ಅವರ 'ನಾಕುತಂತಿ'ಗೆ 1973ರ ಜ್ಞಾನಪೀಠ ಪ್ರಶಸ್ತಿ ದೊರೆಯಿತು. ನಮ್ಮ ಹುನಗುಂದ ಸೀಮೆಯವರೇ ಆದ ಪಿ.ಬಿ. ಧುತ್ತರಗಿಯವರ ನಾಟಕಗಳು ವೃತ್ತಿರಂಗಭೂಮಿಯಲ್ಲಿ ಜನಮನ ಗೆದ್ದವು. ಅವರ 'ಸಂಪತ್ತಿಗೆ ಸವಾಲ್' 1974ರಲ್ಲಿ ಚಲನಚಿತ್ರವೂ ಆಯಿತು. ಅದೇ ಸೀಮೆಯ ಕಂದಗಲ್ಲ ಹನುಮಂತರಾಯರು 'ರಕ್ತರಾತ್ರಿ'ಯಂಥ ಪೌರಾಣಿಕ ನಾಟಕದಲ್ಲಿ ಪ್ರೌಢ ಕನ್ನಡವನ್ನು ಮೆರೆಸಿದರು. ಎರಡು ಬಗೆಯ ಕನ್ನಡವೂ ನಮ್ಮ ನೆಲಕ್ಕೆ ಒಲಿದಿದೆ ಎಂಬುದಕ್ಕೆ ಬೇರೆ ಪ್ರಮಾಣ ಬೇಕೇ? ಇತ್ತೀಚೆಗೆ, 2025ರ ಮೇ ತಿಂಗಳಲ್ಲಿ, ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಸಂದಿತು. ದಖನಿಯ ಮನೆಯಲ್ಲಿ ಬೆಳೆದು ಕನ್ನಡದಲ್ಲಿ ಬರೆದ ಲೇಖಕಿಗೆ ಜಗತ್ತೇ ಕಿವಿಗೊಟ್ಟಿತು.

ನಮ್ಮ ಮುಂದಿರುವ ಪ್ರಶ್ನೆ

'ಹಾಗಾದರೆ ಶಿಷ್ಟ ಭಾಷೆ ಬೇಡವೇ?' ಎಂದು ನೀವು ಕೇಳಬಹುದು. ಖಂಡಿತ ಬೇಕು. ಬೀದರಿನವರೂ ಚಾಮರಾಜನಗರದವರೂ ಒಂದೇ ಅರ್ಜಿಯನ್ನು ಓದಲು, ಪರೀಕ್ಷೆ ಬರೆಯಲು, ನ್ಯಾಯ ಕೇಳಲು ಎಲ್ಲರಿಗೂ ಸಮಾನವಾದ ಒಂದು ಬರಹದ ಭಾಷೆ ಅವಶ್ಯ. ಅದನ್ನು ಚೆನ್ನಾಗಿ ಕಲಿಯದ ಮಗು ಹಿಂದುಳಿಯುತ್ತದೆ. ಈ ಲೇಖನವೂ ಅದೇ ಭಾಷೆಯಲ್ಲಿದೆ. ಅರಬ್ ನಾಡುಗಳನ್ನು ನೋಡಿ. ಅಲ್ಲಿ ಪುಸ್ತಕ ಹಾಗೂ ವಾರ್ತೆಗೆ ಫುಸ್‌ಹಾ ಅರಬ್ಬಿ ಇದೆ. ಮನೆಯಲ್ಲಿ ಈಜಿಪ್ತಿನವನು ಈಜಿಪ್ತಿನ ಮಾತನ್ನು, ಮೊರಾಕ್ಕೊದವನು ಮೊರಾಕ್ಕೊದ ಮಾತನ್ನು ಆಡುತ್ತಾನೆ. ಕಲಿತವರೂ ಮನೆಮಾತನ್ನು ಬಿಟ್ಟಿಲ್ಲ. ಇನ್ನು ಮಾತೃಭಾಷೆಯನ್ನು ತಾತ್ಸಾರ ಮಾಡಿದರೆ ಏನಾಗುತ್ತದೆಂಬುದನ್ನು ಢಾಕಾ ಕಲಿಸಿತು. ಉರ್ದುವೊಂದೇ ರಾಷ್ಟ್ರಭಾಷೆಯೆಂಬ ಹೇರಿಕೆಯನ್ನು ವಿರೋಧಿಸಿ 1952ರ ಫೆಬ್ರುವರಿ 21ರಂದು ಅಲ್ಲಿಯ ವಿದ್ಯಾರ್ಥಿಗಳು ಬಂಗಾಳಿಗಾಗಿ ಪ್ರಾಣ ತೆತ್ತರು. ಯುನೆಸ್ಕೊ ಆ ದಿನವನ್ನೇ 1999ರಲ್ಲಿ ಅಂತಾರಾಷ್ಟ್ರೀಯ ಮಾತೃಭಾಷಾ ದಿನವೆಂದು ಸಾರಿತು.

ಸಮಸ್ಯೆ ಇರುವುದು ಶಿಷ್ಟ ಭಾಷೆಯನ್ನು ಕಲಿಸುವುದರಲ್ಲಿ ಅಲ್ಲ, ಮನೆಮಾತನ್ನು ಹೀಯಾಳಿಸಿ ಕಲಿಸುವುದರಲ್ಲಿ. 'ನಿನ್ನ ಮಾತು ತಪ್ಪು' ಎಂದು ದಿನವೂ ಕೇಳಿಸಿಕೊಂಡ ಮಗು ಭಾಷೆಯನ್ನು ತಿದ್ದಿಕೊಳ್ಳುವುದಕ್ಕಿಂತ ಮೊದಲು ಬಾಯಿ ಮುಚ್ಚಿಕೊಳ್ಳುತ್ತದೆ. ಪ್ರಶ್ನೆ ಕೇಳುವುದನ್ನು ಬಿಡುತ್ತದೆ. ನಮ್ಮ ಸಮಾಜದ ಮಕ್ಕಳು, ವಿಶೇಷವಾಗಿ ಹೆಣ್ಣುಮಕ್ಕಳು, ತರಗತಿಯಲ್ಲಿ ಮೌನವಾಗಿರುವುದಕ್ಕೆ ಇದೂ ಒಂದು ಕಾರಣವೆಂಬುದನ್ನು ಶಿಕ್ಷಕರು ಮತ್ತು ಪಾಲಕರು ಯೋಚಿಸಬೇಕು. 'ಇದು ಮನೆಯಲ್ಲಿ ಆಡುವ ರೀತಿ, ಇದು ಬರೆಯುವ ರೀತಿ. ಎರಡೂ ನಿನಗೆ ಗೊತ್ತಿರಲಿ' ಎಂದರೆ ಅದೇ ಮಗು ಎರಡನ್ನೂ ಕಲಿಯುತ್ತದೆ.

ಇಳಕಲ್ಲ ಸೀರೆಯ ನೇಕಾರರನ್ನು ಕೇಳಿ. ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಎಳೆಎಳೆಯಾಗಿ ಜೋಡಿಸುವ ಕೆಲಸಕ್ಕೆ ಅವರು 'ಕೊಂಡಿ' ಎನ್ನುತ್ತಾರೆ. ಒಡಲನ್ನು ಕತ್ತರಿಸಿ ಸೆರಗನ್ನು ಉಳಿಸಿಕೊಂಡರೆ ಅದು ಸೀರೆಯಾಗುವುದಿಲ್ಲ. ಅಂದ ಹಾಗೆ ಈ 'ಕೊಂಡಿ', 'ತೋಪ ತೆನಿ', 'ಗೋಮಿ ದಡಿ' ಎಂಬ ಕಸುಬಿನ ಪದಗಳೂ ಪಠ್ಯಪುಸ್ತಕದಲ್ಲಿ ಸಿಗಲಾರವು. ಮಾತು ಹೋದರೆ ಅದರೊಡನೆ ಕಸುಬಿನ ತಿಳಿವಳಿಕೆಯೂ ಹೋಗುತ್ತದೆ.

2011ರ ಜನಗಣತಿ 121 ಭಾಷೆಗಳನ್ನು ಪಟ್ಟಿ ಮಾಡಿತು. ಅದರಲ್ಲಿ ದಖನಿಗೆ ಸ್ವಂತ ಸ್ಥಾನವಿಲ್ಲ. ಸರಕಾರದ ಲೆಕ್ಕದಲ್ಲಿ ಇಲ್ಲದ ಮಾತನ್ನು ಉಳಿಸುವ ಹೊಣೆ ಆಡುವವರದೇ. ಆದ್ದರಿಂದ ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಈ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ನಾನಿ, ದಾದಿಯರ ಹತ್ತಿರ ಕುಳಿತು ಅವರಿಗೆ ನೆನಪಿರುವ ಮದುವೆಯ ಹಾಡು, ಜೋಗುಳ, ಗಾದೆ, ಒಗಟುಗಳನ್ನು ಕೇಳಿ ಬರೆದುಕೊಳ್ಳಿ. ಕೈಯಲ್ಲಿರುವ ಮೊಬೈಲಿನಲ್ಲಿ ಅವರ ದನಿಯನ್ನು ಮುದ್ರಿಸಿಕೊಳ್ಳಿ. ನೆರೆಮನೆಯ ಅಜ್ಜಿಯ ಕನ್ನಡ ತ್ರಿಪದಿಗಳನ್ನೂ ರಿವಾಯತ ಪದಗಳನ್ನೂ ಬಿಡಬೇಡಿ. ಅವರು ಆಡಿದಂತೆಯೇ ಬರೆಯಿರಿ, ತಿದ್ದಲು ಹೋಗಬೇಡಿ. ಪ್ರತಿ ವಿದ್ಯಾರ್ಥಿ ಹತ್ತು ಗಾದೆಗಳನ್ನು ತಂದರೂ ಮುಂದಿನ ವರ್ಷದ ಸಂಚಿಕೆಯಲ್ಲಿ ಒಂದು ಒಳ್ಳೆಯ ಸಂಗ್ರಹ ಪ್ರಕಟಿಸಬಹುದು. ಈ ಕೆಲಸಕ್ಕೆ ಹಣ ಬೇಡ, ಅನುದಾನ ಬೇಡ. ಆದರೆ ಆ ಹಿರಿಯರು ನಮ್ಮೊಡನೆ ಇರುವಾಗಲೇ ಇದು ಆಗಬೇಕು.